‘ನನಗೆ ಇಷ್ಟ ಇಲ್ಲ’: ಇಂಗ್ಲಿಷಿನಲ್ಲಿ ಹೇಗೆ, ಸ್ಪ್ಯಾನಿಷಿನಲ್ಲಿ ಹೇಗೆ

(ಸಂಘದ ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಲಿಖಿತ ರೂಪ)



ಸ್ಪ್ಯಾನಿಷ್ ಕಲಿಯುತ್ತಿದ್ದೀಯಂತಲ್ಲ, ಅದರ ಬಗ್ಗೆ ಒಂದರ್ಧ ಗಂಟೆ ಮಾತಾಡು ಎಂದು ವೇದಿಕೆಯ ಹಿರಿಯರು ಹೇಳಿದರು. ನಾನು ಭಾಷಾವಿಜ್ಞಾನ ಓದಿದವಳಲ್ಲ. ಎಂ.ಟೆಕ್. ಮುಗಿಸಿ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವಳು. ನಮ್ಮ ಪ್ರಾಜೆಕ್ಟಿನ ಅರ್ಧ ತಂಡ ಮೆಕ್ಸಿಕೊದ ಗ್ವಾದಲಹಾರಾ ಊರಿನಲ್ಲಿದೆ. ಅವರ ಜೊತೆ ನಾಲ್ಕು ಮಾತಾಡೋಣ ಅಂತ ಶುರು ಮಾಡಿದ ಸ್ಪ್ಯಾನಿಷ್ ಇದು. ಇಪ್ಪತ್ತು ದೇಶಗಳ ಭಾಷೆಯನ್ನು ಅರ್ಧ ಗಂಟೆಯಲ್ಲಿ ಹೇಳಲಾಗುವುದಿಲ್ಲ. ಹಾಗಾಗಿ ಒಂದೇ ಒಂದು ವಾಕ್ಯ ಆರಿಸಿಕೊಂಡಿದ್ದೇನೆ. ‘ನನಗೆ ಇಷ್ಟ ಇಲ್ಲ’ ಅನ್ನುವ ವಾಕ್ಯ. ಇದನ್ನೇ ಯಾಕೆ ಆರಿಸಿಕೊಂಡೆ ಅನ್ನೋದು ಮುಂದೆ ಗೊತ್ತಾಗುತ್ತದೆ. ಮೊದಲು ಸ್ವಲ್ಪ ವ್ಯಾಕರಣ. ಹೆದರಬೇಡಿ, ನಿಮಗೆ ಈಗಾಗಲೇ ಗೊತ್ತಿರುವ ವ್ಯಾಕರಣವೇ.

ಬದನೆಕಾಯಿ ತಗೊಳ್ಳೋಣ. ಇಂಗ್ಲಿಷಿನಲ್ಲಿ ‘ಐ ಡೋಂಟ್ ಲೈಕ್ ಬ್ರಿಂಜಾಲ್’. ಇಲ್ಲಿ ಕರ್ತೃ ‘ಐ’. ಕೆಲಸ ಮಾಡುತ್ತಿರುವವಳು ನಾನು, ಬದನೆಕಾಯಿ ಪಾಪ ಸುಮ್ಮನೆ ತಟ್ಟೆಯಲ್ಲಿ ಕೂತಿದೆ. ಸ್ಪ್ಯಾನಿಷಿನಲ್ಲಿ ಇದೇ ಮಾತು ‘ನೋ ಮೆ ಗುಸ್ತಾ ಲಾ ಬೆರೆನ್ಹೇನಾ’. ‘ನೋ’ ಅಂದರೆ ಇಲ್ಲ. ‘ಮೆ’ ಅಂದರೆ ನನಗೆ. ‘ಗುಸ್ತಾ’ ಅಂದರೆ ಹಿಡಿಸುತ್ತದೆ. ಉಳಿದದ್ದು ಬದನೆಕಾಯಿ. ಒಟ್ಟು ‘ನನಗೆ ಬದನೆಕಾಯಿ ಹಿಡಿಸುವುದಿಲ್ಲ’. ಇಲ್ಲಿ ಕರ್ತೃ ಬದನೆಕಾಯಿ, ಹಿಡಿಸದೆ ಇರುವ ಕೆಲಸ ಅದರದ್ದು. ನಾನು ಬರೀ ‘ನನಗೆ’. ಬದನೆಕಾಯಿ ಒಂದಿದ್ದರೆ ಗುಸ್ತಾ, ಹತ್ತಿದ್ದರೆ ಗುಸ್ತಾನ್: ‘ನೋ ಮೆ ಗುಸ್ತಾನ್ ಲಾಸ್ ಬೆರೆನ್ಹೇನಾಸ್’. ನಾನು ಒಬ್ಬಳೇ ಇದ್ದರೂ ಕ್ರಿಯಾಪದ ಬಹುವಚನ, ಯಾಕೆಂದರೆ ಲೆಕ್ಕ ಬದನೆಕಾಯಿಗಳದ್ದು. (ಬೆರೆನ್ಹೇನಾ ಮತ್ತು ಬ್ರಿಂಜಾಲ್ ಎರಡೂ ದಾಯಾದಿಗಳು. ಅರಬ್ಬೀ ಮಾತಿನಿಂದ ಸ್ಪೇನಿಗೆ ಒಂದು ಹೋಯಿತು, ಪೋರ್ಚುಗೀಸರ ಬಾಯಿಂದ ನಮ್ಮ ದೇಶದ ಇಂಗ್ಲಿಷಿಗೆ ಇನ್ನೊಂದು ಬಂತು.)

ಇಂಗ್ಲಿಷ್ ಮಾತ್ರ ಬಲ್ಲವರಿಗೆ ಇದು ತಲೆಕೆಳಗಾದ ವಾಕ್ಯ. ಅಮೆರಿಕದಲ್ಲಿ ಸ್ಪ್ಯಾನಿಷ್ ಕಲಿಯುವ ಮಕ್ಕಳಿಗೆ ‘ಗುಸ್ತಾರ್’ ಕ್ರಿಯಾಪದಕ್ಕೇ ಪ್ರತ್ಯೇಕ ಪಾಠ, ಪ್ರತ್ಯೇಕ ಅಭ್ಯಾಸ ಇರುತ್ತದೆ. ನಮಗೆ ಅದರಲ್ಲಿ ಕಲಿಯುವುದೇ ಏನಿಲ್ಲ. ‘ನಾನು ಬದನೆಕಾಯಿಯನ್ನು ಇಷ್ಟಪಡುವುದಿಲ್ಲ’ ಅಂತ ಕನ್ನಡದಲ್ಲಿ ಬರೆಯಬಹುದು, ಆದರೆ ಊಟಕ್ಕೆ ಕೂತಾಗ ಹಾಗೆ ಯಾರೂ ಮಾತಾಡುವುದಿಲ್ಲ. ‘ನನಗೆ ಸೇರಲ್ಲ’, ‘ನನಗೆ ಹಿಡಿಸಲ್ಲ’, ‘ನನಗೆ ರುಚಿಸಲ್ಲ’ ಅನ್ನುತ್ತೇವೆ. ಈ ‘ರುಚಿಸು’ ನೋಡಿ. ಗುಸ್ತಾರ್ ಬಂದಿರುವುದು ಲ್ಯಾಟಿನ್ನಿನ ‘ರುಚಿ ನೋಡು’ ಅನ್ನುವ ಪದದಿಂದ. ಅವರೂ ನಾಲಿಗೆಯಿಂದಲೇ ಮನಸ್ಸಿಗೆ ಹೋದವರು, ನಾವೂ ಅಷ್ಟೇ. ಇನ್ನು ಪುಣೆಯಲ್ಲಿರುವ ನಮಗೆ ಮರಾಠಿಯ ಸಹಾಯವೂ ಇದೆ. ‘ಮಲಾ ಆಂಬಾ ಆವಡತೋ’, ‘ಮಲಾ ಆಂಬೇ ಆವಡತಾತ್’. ಒಂದು ಮಾವಿನಹಣ್ಣಿಗೆ ಆವಡತೋ, ಹಲವಕ್ಕೆ ಆವಡತಾತ್. ಇದೇ ಗುಸ್ತಾ, ಗುಸ್ತಾನ್. ನಮ್ಮ ಕ್ಲಾಸಿನಲ್ಲಿ ಈ ಪಾಠ ಬಂದ ದಿನ ಕನ್ನಡದವರು, ಮರಾಠಿಯವರು ಹತ್ತು ನಿಮಿಷದಲ್ಲಿ ಮುಗಿಸಿ ಕೂತೆವು.

ಇಂಗ್ಲಿಷ್ ಮೊದಲಿನಿಂದಲೂ ಹೀಗಿರಲಿಲ್ಲ. ಹಳೆಯ ಇಂಗ್ಲಿಷಿನ ‘ಲೈಕ್’ ಅಂದರೆ ‘ಹಿತವಾಗು, ಹಿಡಿಸು’ ಎಂದೇ ಅರ್ಥ. ಅದಕ್ಕೆ ‘ನನಗೆ’ ಎಂಬ ಚತುರ್ಥಿ ವಿಭಕ್ತಿಯೇ ಬೇಕಿತ್ತು. 14ನೇ ಶತಮಾನದ ಚಾಸರನ ಕಾಲದಲ್ಲೂ ‘ಮಿ ಲೈಕೆತ್’ ಎನ್ನುವ ಬಗೆ ಬಳಕೆಯಲ್ಲಿತ್ತು. ಆಮೇಲೆ ವಿಭಕ್ತಿ ಪ್ರತ್ಯಯಗಳು ಒಂದೊಂದಾಗಿ ಉದುರಿ, ವಾಕ್ಯದಲ್ಲಿ ಮೊದಲು ಬಂದವರೇ ಕರ್ತೃ ಎನ್ನುವ ಅಭ್ಯಾಸ ಗಟ್ಟಿಯಾಯಿತು. ‘ನನಗೆ’ ಹೋಗಿ ‘ನಾನು’ ಬಂತು. ‘ಡಿಸ್‌ಲೈಕ್’ ಎಂಬ ಪದ ಹುಟ್ಟಿದ್ದು 16ನೇ ಶತಮಾನದಲ್ಲಿ, ಆಗಲೂ ಈ ಗೊಂದಲ ಪೂರ್ತಿ ಮುಗಿದಿರಲಿಲ್ಲ. ಶೇಕ್ಸ್‌ಪಿಯರನ ‘ಒಥೆಲೊ’ ನಾಟಕದಲ್ಲಿ ಕ್ಯಾಸಿಯೊ ಒಂದು ಕಡೆ ಇದೇ ಪದವನ್ನು ನಮ್ಮ ‘ನನಗೆ ಹಿಡಿಸಲ್ಲ’ದ ಹಾಗೆಯೇ ಬಳಸುತ್ತಾನೆ. ಈಗ ಉಳಿದಿರುವ ಗುರುತು ‘ಮಿಥಿಂಕ್ಸ್’ ಎಂಬ ಹಳೆಯ ಪದ ಮತ್ತು ‘ಇಫ್ ಯು ಪ್ಲೀಸ್’. ಎರಡರಲ್ಲೂ ಒಳಗೆ ಒಂದು ‘ನನಗೆ’, ‘ನಿಮಗೆ’ ಅಡಗಿ ಕೂತಿದೆ.

ಇಷ್ಟು ಕೇಳಿ, ‘ಹಾಗಾದರೆ ಇಂಗ್ಲಿಷರು ಅಹಂಕಾರಿಗಳು, ಸ್ಪೇನಿನವರೂ ನಾವೂ ವಿನಯವಂತರು’ ಎಂದು ಯಾರಾದರೂ ಹೊರಟರೆ ದಯವಿಟ್ಟು ಅವರನ್ನು ನಂಬಬೇಡಿ. ವಾಟ್ಸಾಪಿನಲ್ಲಿ ಇಂಥ ಸಂಶೋಧನೆಗಳು ಬಹಳ ಓಡಾಡುತ್ತವೆ. ಸ್ಪ್ಯಾನಿಷಿನಲ್ಲೂ ‘ನಾನು’ ಕರ್ತೃವಾಗುವ ಕ್ರಿಯಾಪದಗಳಿವೆ. ‘ಓದಿಯೊ’ ಅಂದರೆ ನಾನು ದ್ವೇಷಿಸುತ್ತೇನೆ, ‘ನೋ ಸೊಪೋರ್ತೊ’ ಅಂದರೆ ನಾನು ಸಹಿಸುವುದಿಲ್ಲ. ಇಂಗ್ಲಿಷಿನಲ್ಲೂ ‘ಇಟ್ ಬಾದರ್ಸ್ ಮಿ’, ‘ಇಟ್ ಪುಟ್ಸ್ ಮಿ ಆಫ್’ ಎಂದು ವಸ್ತುವನ್ನೇ ಕರ್ತೃ ಮಾಡಬಹುದು. ದಿನಬಳಕೆಯ ಮೊದಲ ವಾಕ್ಯ ಯಾವುದು ಅನ್ನುವುದರಲ್ಲಿ ಮಾತ್ರ ವ್ಯತ್ಯಾಸ.

ಮನುಷ್ಯರ ವಿಷಯಕ್ಕೆ ಬಂದರೆ ಸ್ಪ್ಯಾನಿಷಿನಲ್ಲಿ ಸ್ವಲ್ಪ ಎಚ್ಚರ ಬೇಕು. ‘ಮೆ ಗುಸ್ತಾಸ್’ ಅಂತ ಯಾರಿಗಾದರೂ ಹೇಳಿದರೆ ಅದು ನಮ್ಮ ಸಿನಿಮಾದ ‘ನೀನು ನನಗೆ ಇಷ್ಟ’ದ ಹಾಗೆ ಕೇಳಿಸುತ್ತದೆ. ಆಫೀಸಿನ ಮ್ಯಾನೇಜರ್ ಬಗ್ಗೆ ‘ನೋ ಮೆ ಗುಸ್ತಾ’ ಅಂದರೆ, ಅವರು ನೋಡಲು ಮನಸೆಳೆಯುವುದಿಲ್ಲ ಎಂದೂ ಅರ್ಥವಾದೀತು. ಅದಕ್ಕೆ ಬೇರೆ ಮಾತೇ ಇದೆ: ‘ಮೆ ಕಾಯೆ ಮಾಲ್’. ಅಕ್ಷರಶಃ ಹೇಳಿದರೆ ‘ನನಗೆ ಕೆಟ್ಟದಾಗಿ ಬೀಳುತ್ತಾರೆ’. ಇನ್ನೂ ಜಾಸ್ತಿ ಆದರೆ ‘ಮೆ ಕಾಯೆ ಗೋರ್ದೊ’, ದಪ್ಪಗೆ ಬೀಳುತ್ತಾರೆ! ಈ ‘ಮೆ ಕಾಯೆ ಮಾಲ್’ ಮನುಷ್ಯರಿಗೂ ಸರಿ, ಹೊಟ್ಟೆಗೆ ಒಗ್ಗದ ಊಟಕ್ಕೂ ಸರಿ. ನನಗೆ ಇದರಷ್ಟು ಸಂತೋಷ ಕೊಟ್ಟ ಪದ ಇನ್ನೊಂದಿಲ್ಲ, ಯಾಕೆಂದರೆ ನಮ್ಮ ‘ಆಗಿಬರಲ್ಲ’ ಇದರ ಅವಳಿ. ‘ನನಗೆ ಹಾಲು ಆಗಿಬರಲ್ಲ’, ‘ಅವರಿಗೂ ನಮಗೂ ಆಗಿಬರಲ್ಲ’. ಇಂಗ್ಲಿಷಿನಲ್ಲಿ ಹಾಲಿಗೂ ನಾದಿನಿಗೂ ಒಂದೇ ಮಾತು ಹುಡುಕಿ, ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಮೆಕ್ಸಿಕೊದವರು ಇನ್ನೂ ಒಂದು ಸೇರಿಸುತ್ತಾರೆ. ‘ನೋ ಮೆ ಲಾತೆ’. ಎದೆ ಬಡಿತಕ್ಕೆ ಬಳಸುವ ಕ್ರಿಯಾಪದ ಅದು. ಯಾಕೋ ಮನಸ್ಸು ಒಪ್ಪುತ್ತಿಲ್ಲ ಎನ್ನುವ ಅರ್ಥ. ‘ಮೆ ಚೋಕಾ’ ಅಂದರೆ ಕಂಡರೆ ಮೈ ಉರಿಯುತ್ತದೆ.

ಎರಡು ಪದಗಳ ಬಗ್ಗೆ ಮಾತ್ರ ಎಚ್ಚರಿಕೆ ಹೇಳಿಬಿಡುತ್ತೇನೆ, ಇಲ್ಲಿ ಕೂತ ಹುಡುಗಿಯರಲ್ಲಿ ಕೆಲವರು ಸ್ಪ್ಯಾನಿಷ್ ಕ್ಲಾಸಿಗೆ ಹೋಗುತ್ತಿದ್ದೀರಂತೆ. ‘ಮೆ ದಿಸ್ಗುಸ್ತಾ’ ಕೇಳಲು ಇಂಗ್ಲಿಷಿನ ‘ಡಿಸ್‌ಗಸ್ಟ್’ ಇದ್ದ ಹಾಗಿದೆ, ಆದರೆ ಅಷ್ಟು ಖಾರ ಅಲ್ಲ. ಬೇಸರವಾಗುತ್ತದೆ, ಸರಿಬರುವುದಿಲ್ಲ ಅಂತಷ್ಟೇ. ಹೊಟ್ಟೆ ತೊಳೆಸುವಂಥ ಅಸಹ್ಯಕ್ಕೆ ‘ಮೆ ದಾ ಆಸ್ಕೊ’. ಹಾಗೆಯೇ ‘ಮೆ ಮೊಲೆಸ್ತಾ’ ಅಂದರೆ ನನಗೆ ಕಿರಿಕಿರಿಯಾಗುತ್ತದೆ. ಹೋಟೆಲ್ ಕೋಣೆಯ ಬಾಗಿಲಿಗೆ ತಗುಲಿಸುವ ‘ನೋ ಮೊಲೆಸ್ತಾರ್’ ಫಲಕ ನೋಡಿ ಗಾಬರಿಯಾಗಬೇಡಿ, ‘ತೊಂದರೆ ಕೊಡಬೇಡಿ’ ಅಂತ ಅಷ್ಟೇ.

ಇನ್ನು ಇಂಗ್ಲಿಷ್. ನಮ್ಮ ಶಾಲೆಯಲ್ಲಿ ‘ಲೈಕ್ಸ್ ಅಂಡ್ ಡಿಸ್‌ಲೈಕ್ಸ್’ ಅಂತ ಸ್ಲ್ಯಾಮ್ ಬುಕ್ಕಿನಲ್ಲಿ ಒಂದು ಪುಟ ಇರುತ್ತಿತ್ತು. ಡಿಸ್‌ಲೈಕ್ಸ್ ಕೆಳಗೆ ಎಲ್ಲರೂ ಬರೆಯುತ್ತಿದ್ದದ್ದು ಒಂದೇ, ‘ಸುಳ್ಳು ಹೇಳುವವರು’. ನಿಜವಾದ ಇಂಗ್ಲಿಷಿನಲ್ಲಿ ‘ಐ ಡಿಸ್‌ಲೈಕ್’ ಅಂತ ಬಾಯಲ್ಲಿ ಹೇಳುವವರು ಕಡಿಮೆ, ಅದು ಫಾರ್ಮಿನ ಮೇಲಿನ ಪದ. ಮಾತಿನಲ್ಲಿ ‘ಐ ಡೋಂಟ್ ಲೈಕ್’. ಆದರೆ ಆಫೀಸಿನ ಇಂಗ್ಲಿಷಿನಲ್ಲಿ ಅದೂ ಒರಟಾಗಿ ಕೇಳಿಸುತ್ತದೆ. ಹಾಗಾಗಿ ಸುತ್ತುಬಳಸಿ ಹೋಗುತ್ತಾರೆ. ‘ಐ ಆಮ್ ನಾಟ್ ಎ ಬಿಗ್ ಫ್ಯಾನ್’, ‘ನಾಟ್ ಮೈ ಕಪ್ ಆಫ್ ಟೀ’, ‘ಐ ಆಮ್ ನಾಟ್ ಶೂರ್ ಅಬೌಟ್ ದಿಸ್’. ಬ್ರಿಟಿಷ್ ಕ್ಲೈಂಟ್ ನಿಮ್ಮ ಡಿಸೈನ್ ನೋಡಿ ‘ಇಂಟರೆಸ್ಟಿಂಗ್’ ಅಂದರೆ ಸಾಮಾನ್ಯವಾಗಿ ಹಿಡಿಸಿಲ್ಲ ಎಂದೇ ಲೆಕ್ಕ. ವ್ಯಾಕರಣದಲ್ಲಿದ್ದ ‘ನನಗೆ’ಯನ್ನು ಕಳೆದುಕೊಂಡದ್ದಕ್ಕೆ ಇಂಗ್ಲಿಷ್ ಈ ಎಲ್ಲ ಮೆತ್ತೆಗಳನ್ನು ಹೊಲಿದುಕೊಂಡಿತೇನೋ ಅಂತ ನನಗೆ ಅನ್ನಿಸುತ್ತದೆ. ಇದು ನನ್ನ ಊಹೆ, ಶಾಸ್ತ್ರ ಅಲ್ಲ.

ಮೆಕ್ಸಿಕೊದವರೂ ನೇರ ಮಾತಿನವರೇನಲ್ಲ. ಅವರಲ್ಲಿ ಕೂಡ ಸಂಕೋಚ, ದಾಕ್ಷಿಣ್ಯ ನಮ್ಮಷ್ಟೇ. ಆದರೆ ನನ್ನ ಗಮನ ಸೆಳೆದದ್ದು ಒಂದು. ಹೊಸ ಸ್ಕ್ರೀನ್ ತೋರಿಸಿದಾಗ ಅಲ್ಲಿನ ಸಹೋದ್ಯೋಗಿ ಒಬ್ಬರು ‘ಆ ಮಿ ನೋ ಮೆ ಕೊನ್ವೆನ್ಸೆ’ ಅಂದರು. ‘ನನಗಂತೂ ಮನಸ್ಸಿಗೆ ಒಪ್ಪಿಗೆಯಾಗಿಲ್ಲ’ ಅಂತ. ಮೃದುವಾದ ಮಾತು. ಆದರೆ ಎಷ್ಟೇ ಮೃದು ಮಾಡಿದರೂ ಅದರಲ್ಲಿ ‘ಮೆ’ ಉಳಿದಿದೆ, ಮುಂದೆ ‘ಆ ಮಿ’ ಎಂದು ಇನ್ನೊಂದು ಸಲ ಒತ್ತಿದ್ದಾರೆ. ಒಂದು ವಾಕ್ಯದಲ್ಲಿ ಎರಡು ಸಲ ‘ನನಗೆ’. ಸ್ಪ್ಯಾನಿಷಿನ ದಿನದ ಮಾತಿನಲ್ಲಿ ‘ಗುಸ್ತಾರ್’ ಬಳಸಿ ಸ್ವಂತ ಇಷ್ಟಾನಿಷ್ಟ ಹೇಳುವಾಗ ಈ ‘ಮೆ’ಯನ್ನು ಬಿಡಲು ಬರುವುದಿಲ್ಲ. ಫೇಸ್‌ಬುಕ್ಕಿನ ಲೈಕ್ ಬಟನ್ ಕೂಡ ಸ್ಪ್ಯಾನಿಷಿನಲ್ಲಿ ‘ಮೆ ಗುಸ್ತಾ’. ಇಂಗ್ಲಿಷಿನ ‘ಲೈಕ್’ನಲ್ಲಿ ಯಾರು ಅನ್ನುವುದಿಲ್ಲ, ಇಲ್ಲಿ ‘ನನಗೆ’ ಇದೆ. ಡಿಸ್‌ಲೈಕ್ ಬಟನ್ ಬೇಕು ಅಂತ ಜನ ವರ್ಷಗಟ್ಟಲೆ ಕೇಳಿದರೂ ಫೇಸ್‌ಬುಕ್ ಕೊಡಲಿಲ್ಲ, 2016ರಲ್ಲಿ ಕೋಪ, ಅಳು, ನಗುಗಳ ಚಿತ್ರ ಕೊಟ್ಟು ಸುಮ್ಮನಾಯಿತು. ಯೂಟ್ಯೂಬ್ 2021ರ ನವೆಂಬರಿನಿಂದ ಡಿಸ್‌ಲೈಕ್‌ಗಳ ಸಂಖ್ಯೆಯನ್ನೇ ನೋಡುಗರಿಂದ ಮರೆಮಾಡಿತು. ಬಟನ್ ಮಾತ್ರ ಇದೆ, ಸ್ಪ್ಯಾನಿಷಿನಲ್ಲಿ ‘ನೋ ಮೆ ಗುಸ್ತಾ’.

ಕನ್ನಡದಲ್ಲಿ ಆ ‘ನನಗೆ’ಯನ್ನು ಬಿಡಬಹುದು. ‘ಇಷ್ಟ ಇಲ್ಲ’ ಅಂದರೆ ಸಾಕು, ವಾಕ್ಯ ಪೂರ್ತಿಯಾಗುತ್ತದೆ. ಯಾರಿಗೆ? ಕೇಳಿದವರು ಊಹಿಸಿಕೊಳ್ಳಬೇಕು. ಭಾಷೆಯ ದೃಷ್ಟಿಯಿಂದ ಇದು ದೊಡ್ಡ ಅನುಕೂಲ. ಆದರೆ ನಾವು ಹೆಂಗಸರು ಈ ಅನುಕೂಲವನ್ನು ಸ್ವಲ್ಪ ಜಾಸ್ತಿಯೇ ಬಳಸಿಕೊಂಡಿದ್ದೇವೆ ಎಂದು ನನ್ನ ಅನಿಸಿಕೆ. ಖಾಲಿ ಬಿಟ್ಟ ಜಾಗದಲ್ಲಿ ಬೇರೆಯವರನ್ನು ಕೂರಿಸಿದ್ದೇವೆ. ‘ನಮ್ಮ ಮನೆಯವರಿಗೆ ಹಿಡಿಸಲ್ಲ’, ‘ಅತ್ತೆಯವರಿಗೆ ಸರಿಹೋಗಲ್ಲ’, ‘ಮಕ್ಕಳಿಗೆ ಸೇರಲ್ಲ ಅಂತ ಮಾಡೋದೇ ಬಿಟ್ಟೆ’. ಒಂದು ವಾರ ಲೆಕ್ಕ ಇಟ್ಟು ನೋಡಿ, ನಿಮ್ಮ ಬಾಯಲ್ಲಿ ಬರುವ ‘ಇಷ್ಟ ಇಲ್ಲ’ಗಳಲ್ಲಿ ಎಷ್ಟರ ಮುಂದೆ ‘ನನಗೆ’ ಇತ್ತು ಅಂತ. ಇನ್ನು ಹೆಣ್ಣು ನೋಡುವ ಶಾಸ್ತ್ರದಲ್ಲಂತೂ ‘ಇಷ್ಟ ಇಲ್ಲ’ ಎನ್ನುವ ಮಾತೇ ಬರುವುದಿಲ್ಲ. ‘ಜಾತಕ ಕೂಡಿಬರಲಿಲ್ಲ’ ಎಂದು ಫೋನ್ ಬರುತ್ತದೆ. ಹಿಡಿಸದಿದ್ದದ್ದು ಗ್ರಹಗಳಿಗೆ! ಹುಡುಗಿಗೆ ಹುಡುಗ ಹಿಡಿಸಲಿಲ್ಲ ಅಂದರೂ ಗ್ರಹಗಳೇ ಹೊಣೆ. ಈ ಒಂದು ವಿಷಯದಲ್ಲಿ ಮಾತ್ರ ಗ್ರಹಗಳು ಎರಡೂ ಕಡೆಗೆ ಸಮಾನವಾಗಿ ಸಹಾಯ ಮಾಡಿವೆ ಅಂತ ಒಪ್ಪಬೇಕು.

ಸ್ಪ್ಯಾನಿಷಿನ ಮೊದಲ ಹಂತದಲ್ಲಿ ಒಂದು ಹೋಮ್‌ವರ್ಕ್ ಕೊಡುತ್ತಾರೆ. ಮನೆಯ ಒಬ್ಬೊಬ್ಬರಿಗೆ ಏನು ಇಷ್ಟ ಇಲ್ಲ ಅಂತ ಬರೆಯಬೇಕು. ‘ಆ ಮಿ ಪಾದ್ರೆ ನೋ ಲೆ ಗುಸ್ತಾ’, ಅಂದರೆ ‘ನಮ್ಮ ಅಪ್ಪನಿಗೆ ಹಿಡಿಸಲ್ಲ’ ಅಂತ ಶುರು ಮಾಡಿ ಬಿಟ್ಟ ಜಾಗ ತುಂಬಬೇಕು. ಅಪ್ಪನಿಗೆ ಆರಿದ ಚಹಾ, ತಮ್ಮನಿಗೆ ಹಾಗಲಕಾಯಿ, ಅಜ್ಜಿಗೆ ಟೀವಿಯ ಗದ್ದಲ. ಅಮ್ಮನ ಸಾಲಿಗೆ ಬಂದಾಗ ಧಾರವಾಡಕ್ಕೆ ಫೋನ್ ಮಾಡಿ ಕೇಳಿದೆ.

‘ನನಗೇನ್ ಸೇರಂಗಿಲ್ಲ ಅಂತ ಯಾರರ ಕೇಳ್ಯಾರೇನವಾ ಇಲ್ಲೀತನಕ? ನನಗ ಎಲ್ಲಾ ನಡೀತದ’ ಅಂದಳು.

ಒಂದು ಗಂಟೆ ಬಿಟ್ಟು ತಾನೇ ಫೋನ್ ಮಾಡಿದಳು. ‘ಸಬ್ಬಸಗಿ ಪಲ್ಯ ನೋಡು. ಅದರ ವಾಸನೀನ ಆಗಂಗಿಲ್ಲ ನನಗ.’

‘ಮತ್ತ ವಾರಕ್ಕೊಮ್ಮೆ ಮಾಡ್ತೀಯಲ್ಲ?’

‘ನಿಮ್ಮಪ್ಪಗ ಸೇರ್ತದಲ್ಲ.’

35 ವರ್ಷದ ಸಂಸಾರ. ಅಪ್ಪ ಕೆಟ್ಟವರಲ್ಲ, ಗೊತ್ತಿದ್ದರೆ ಬೇಡ ಎನ್ನುತ್ತಿದ್ದರು. ಅಮ್ಮನೂ ಅತ್ತು ಕರೆದು ಹೇಳಿದ್ದಲ್ಲ, ನಗುತ್ತಲೇ ಹೇಳಿದಳು. ಸ್ಪ್ಯಾನಿಷಿನಲ್ಲಿ ಸಬ್ಬಸಿಗೆಗೆ ‘ಎನೆಲ್ದೊ’. ‘ಆ ಮಿ ಮಾದ್ರೆ ನೋ ಲೆ ಗುಸ್ತಾ ಎಲ್ ಎನೆಲ್ದೊ.’ ನಮ್ಮ ಮನೆಯಲ್ಲಿ ಈ ಸಂಗತಿ ಮೊದಲು ದಾಖಲಾದದ್ದು ಸ್ಪ್ಯಾನಿಷಿನಲ್ಲಿ, ಪುಣೆಯ ಒಂದು ನೋಟ್‌ಬುಕ್ಕಿನಲ್ಲಿ.

ಪಲ್ಯದ ವಿಷಯ ಅಂದರೆ ನಕ್ಕು ಬಿಡಬಹುದು. ಆದರೆ ಇದೇ ನಾಲ್ಕು ಪದಗಳು ಇಡೀ ದೇಶವನ್ನು ಅಲ್ಲಾಡಿಸಿದ ಸಂದರ್ಭವೂ ಇದೆ, ಅದನ್ನು ಹೇಳದೆ ಈ ಮಾತು ಮುಗಿಸಲಾರೆ. 2023ರ ಆಗಸ್ಟ್ 20, ಸಿಡ್ನಿ. ಮಹಿಳಾ ಫುಟ್‌ಬಾಲ್ ವಿಶ್ವಕಪ್ ಫೈನಲ್. ಆಡಿದ್ದು ಯಾರು? ಇಂಗ್ಲೆಂಡ್ ಮತ್ತು ಸ್ಪೇನ್, ನಮ್ಮ ಇವತ್ತಿನ ಎರಡು ಭಾಷೆಗಳು. ಸ್ಪೇನ್ 1-0 ಗೋಲಿನಿಂದ ಗೆದ್ದಿತು. ಪದಕ ಕೊಡುವಾಗ ಸ್ಪೇನ್ ಫುಟ್‌ಬಾಲ್ ಒಕ್ಕೂಟದ ಅಧ್ಯಕ್ಷ ಲೂಯಿಸ್ ರುಬಿಯಾಲೆಸ್, ಆಟಗಾರ್ತಿ ಹೆನ್ನಿ ಎರ್ಮೋಸೊ ಅವರ ತಲೆ ಹಿಡಿದು ತುಟಿಗೆ ಮುತ್ತಿಟ್ಟರು. ಜಗತ್ತೆಲ್ಲ ನೋಡುತ್ತಿತ್ತು. ಸ್ವಲ್ಪ ಹೊತ್ತಿನಲ್ಲೇ ಡ್ರೆಸ್ಸಿಂಗ್ ರೂಮಿನಿಂದ ಒಂದು ನೇರ ವಿಡಿಯೊ ಬಂತು. ಎಲ್ಲರೂ ಕುಣಿಯುತ್ತಿದ್ದಾರೆ, ಗೆಳತಿಯರು ಅದೇ ವಿಷಯ ತೆಗೆದು ಕೀಟಲೆ ಮಾಡುತ್ತಿದ್ದಾರೆ. ಎರ್ಮೋಸೊ ನಗುತ್ತಲೇ ಹೇಳಿದ್ದು: ‘ನೋ ಮೆ ಆ ಗುಸ್ತಾದೊ.’ ‘ನನಗೆ ಇಷ್ಟ ಆಗಿಲ್ಲ.’

ಸಣ್ಣ ವ್ಯಾಕರಣ ಟಿಪ್ಪಣಿ. ಮೆಕ್ಸಿಕೊದವರಾಗಿದ್ದರೆ ‘ನೋ ಮೆ ಗುಸ್ತೊ’ ಅನ್ನುತ್ತಿದ್ದರು, ಕೊನೆಯ ಅಕ್ಷರ ಒತ್ತಿ. ಸ್ಪೇನಿನಲ್ಲಿ ಈಗ ತಾನೇ ಆದದ್ದಕ್ಕೆ ‘ಆ ಗುಸ್ತಾದೊ’. ಅಂದರೆ ಆ ಕ್ಷಣ ಇನ್ನೂ ಮುಗಿದಿಲ್ಲ, ಬಿಸಿ ಆರಿಲ್ಲ.

ಆಮೇಲೆ ನಡೆದದ್ದು ನಿಮಗೂ ಗೊತ್ತಿರಬಹುದು. ಅದು ಇಬ್ಬರ ಸಂತೋಷದ ಸಹಜ ಕ್ಷಣ ಎಂಬರ್ಥದ ಮಾತನ್ನು ಆಕೆಯ ಹೆಸರಿನಲ್ಲೇ ಒಕ್ಕೂಟ ಪ್ರಕಟಿಸಿತು. ಆ ಮಾತು ತಾನು ಆಡಿದ್ದಲ್ಲ ಎಂದು ಆಕೆ ನಂತರ ಹೇಳಿದರು. ಇದನ್ನು ಗಮನಿಸಿ. ‘ನನಗೆ’ ಎಂಬ ಜಾಗವನ್ನು ಬೇರೆಯವರು ತುಂಬಿದರು. ಮೊದಲು ರಾಜೀನಾಮೆ ಕೊಡುವುದಿಲ್ಲ ಎಂದಿದ್ದ ಅಧ್ಯಕ್ಷರು ಸೆಪ್ಟೆಂಬರ್ 10ರಂದು ಕೊಟ್ಟರು. ಪ್ರಕರಣ ಕೋರ್ಟಿಗೆ ಹೋಯಿತು. ಬಸ್ಸಿನಲ್ಲಿ ಆಕೆ ನಗುತ್ತಿದ್ದ ವಿಡಿಯೊ ಕೂಡ ಚರ್ಚೆಗೆ ಬಂತು, ನಗುತ್ತಿದ್ದರಲ್ಲ, ಹಾಗಾದರೆ ನೋವೆಲ್ಲಿ ಅಂತ. 2025ರ ಫೆಬ್ರವರಿಯಲ್ಲಿ ಸ್ಪೇನಿನ ರಾಷ್ಟ್ರೀಯ ನ್ಯಾಯಾಲಯ ಆಕೆಯ ಸಾಕ್ಷ್ಯವನ್ನು ನಂಬಿ, ರುಬಿಯಾಲೆಸ್ ಅವರನ್ನು ಲೈಂಗಿಕ ದೌರ್ಜನ್ಯದ ಅಪರಾಧಿ ಎಂದು ತೀರ್ಮಾನಿಸಿ 10,800 ಯೂರೊ ದಂಡ ಹಾಕಿತು. ಒತ್ತಡ ಹೇರಿದ ಆರೋಪದಿಂದ ಮಾತ್ರ ಬಿಡುಗಡೆ ಮಾಡಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ನಗು. ನಗುತ್ತಾ ಹೇಳಿದರೂ ಅದು ‘ಇಷ್ಟ ಆಗಿಲ್ಲ’ವೇ. ನಮ್ಮಲ್ಲಿ ಯಾರು ನಗದೆ ಹೇಳಿದ್ದೇವೆ? ಭುಜದ ಮೇಲಿಟ್ಟ ಕೈಯನ್ನು ನಗುತ್ತಲೇ ಸರಿಸುತ್ತೇವೆ. ಮದುವೆ ಮನೆಯಲ್ಲಿ ಯಾರೋ ಹಿರಿಯರು ಬಣ್ಣದ ಬಗ್ಗೆ, ದಪ್ಪದ ಬಗ್ಗೆ ಆಡಿದ ಮಾತಿಗೆ ನಗುತ್ತೇವೆ. ನಗು ನಮಗೆ ಒಪ್ಪಿಗೆಯಲ್ಲ, ಅಲ್ಲಿಂದ ದಾಟಿ ಬರುವ ಸೇತುವೆ.

ಇಂಗ್ಲಿಷ್ ಪತ್ರಿಕೆಗಳು ಇದನ್ನು ‘ಐ ಡಿಡ್‌ನ್ಟ್ ಲೈಕ್ ಇಟ್’ ಎಂದು ಅನುವಾದಿಸಿದವು. ಸರಿಯಾದ ಅನುವಾದವೇ. ಆದರೂ ಏನೋ ಕಡಿಮೆಯಾದಂತೆ ನನಗೆ ಕೇಳಿಸುತ್ತದೆ. ಇಂಗ್ಲಿಷಿನ ವಾಕ್ಯದಲ್ಲಿ ‘ಐ’ ಒಂದು ತೀರ್ಪು ಕೊಡುತ್ತಿದ್ದಾಳೆ, ‘ಯಾಕೆ ಇಷ್ಟ ಆಗಲಿಲ್ಲ’ ಎಂದು ಅವಳನ್ನೇ ಪ್ರಶ್ನೆ ಕೇಳಬಹುದು. ಸ್ಪ್ಯಾನಿಷಿನಲ್ಲಿ, ಕನ್ನಡದಲ್ಲಿ, ಆದದ್ದು ಅವಳಿಗೆ. ಮಾಡಿದ್ದು ಹೊರಗಿನಿಂದ ಬಂದದ್ದು. ನಮ್ಮ ದೇಶದ ಕಾನೂನು ಕೂಡ ಇದೇ ಕಡೆಯಿಂದ ನೋಡುತ್ತದೆ ಎನ್ನುವುದು ಐಟಿಯಲ್ಲಿರುವ ನಮಗೆಲ್ಲ ಗೊತ್ತು, ಪ್ರತಿ ವರ್ಷ ಟ್ರೈನಿಂಗ್ ಆಗುತ್ತದಲ್ಲ. 1997ರ ವಿಶಾಖಾ ತೀರ್ಪಿನಲ್ಲೂ, ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲೂ ಮುಖ್ಯ ಪದ ‘ಅನ್‌ವೆಲ್ಕಮ್’. ಮಾಡಿದವರ ಉದ್ದೇಶ ಏನಿತ್ತು ಅನ್ನುವುದಕ್ಕಿಂತ, ಅದು ಅವಳಿಗೆ ಬೇಕಿತ್ತೇ ಬೇಡವಾಗಿತ್ತೇ ಎಂಬುದು. ‘ಇಲ್ಲ’ ಎಂದು ಎದುರಿಗೇ ಹೇಳಿರಬೇಕು ಎನ್ನುವ ಷರತ್ತು ಆ ವ್ಯಾಖ್ಯೆಯಲ್ಲಿ ಇಲ್ಲ. ಟ್ರೈನಿಂಗಿನ ಸ್ಲೈಡುಗಳನ್ನು ಚಕಚಕನೆ ದಾಟಿ ಕೊನೆಯ ಕ್ವಿಜ್‌ಗೆ ಓಡುವ ನಮ್ಮ ಹುಡುಗಿಯರು ಇದೊಂದು ಸ್ಲೈಡಿನಲ್ಲಿ ನಿಲ್ಲಬೇಕು.

ಕೊನೆಗೆ ಒಂದು ವಾಕ್ಯ ಕಲಿಸುತ್ತೇನೆ. ಇದು ಮೊದಲ ಹಂತದ್ದಲ್ಲ, ಮೂರನೆಯ ಹಂತದ ಪಾಠ. ‘ನೋ ಮೆ ಗುಸ್ತಾ ಕೆ ಮೆ ಆಬ್ಲೆಸ್ ಆಸೀ.’ ‘ನೀನು ನನ್ನ ಹತ್ತಿರ ಹೀಗೆ ಮಾತಾಡೋದು ನನಗೆ ಹಿಡಿಸಲ್ಲ.’ ‘ಮಾತಾಡುತ್ತೀಯ’ ಎನ್ನಲು ಮಾಮೂಲು ರೂಪ ‘ಆಬ್ಲಾಸ್’. ಆದರೆ ಇಷ್ಟಾನಿಷ್ಟದ ಮಾತಿನ ನಂತರ ಬಂದಾಗ ಅದು ‘ಆಬ್ಲೆಸ್’ ಆಗುತ್ತದೆ. ಸಬ್‌ಜಂಕ್ಟಿವ್ ಅನ್ನುತ್ತಾರೆ, ಕಲಿಯುವವರ ತಲೆನೋವು. ನನಗೆ ಈ ವಾಕ್ಯ ಮುಖ್ಯ ಅನ್ನಿಸುವುದಕ್ಕೆ ಕಾರಣ ಬೇರೆ. ಇಲ್ಲಿ ಹಿಡಿಸದೆ ಇರುವುದು ‘ನೀನು’ ಅಲ್ಲ, ‘ನೀನು ಹೀಗೆ ಮಾತಾಡೋದು’. ಮನುಷ್ಯನನ್ನು ಬಿಟ್ಟು ಮಾಡಿದ ಕೆಲಸವನ್ನು ಮಾತ್ರ ಹಿಡಿದಿದೆ. ಇಂಗ್ಲಿಷಿನಲ್ಲಿ ‘ಐ ಡೋಂಟ್ ಲೈಕ್ ಇಟ್ ವೆನ್ ಯು ಟಾಕ್ ಟು ಮಿ ಲೈಕ್ ದಟ್’. ಅಲ್ಲಿ ಆ ‘ಇಟ್’ ಬಿಟ್ಟರೆ ಕಷ್ಟ. ಕನ್ನಡದಲ್ಲಿ ‘ಮಾತಾಡೋದು’ ಎನ್ನುವ ಒಂದೇ ಪದ ಆ ಕೆಲಸವನ್ನು ಮಾಡುತ್ತದೆ. ಅತ್ತೆಗೆ, ಗಂಡನಿಗೆ, ಮಗನಿಗೆ, ಮ್ಯಾನೇಜರಿಗೆ, ಎಲ್ಲರಿಗೂ ಮರ್ಯಾದೆಯಿಂದ ಹೇಳಬಹುದಾದ ವಾಕ್ಯ. ‘ಅತ್ತೆ, ನೀವು ಎಲ್ಲರೆದುರಿಗೆ ಹಾಗಂದದ್ದು ನನಗೆ ಹಿಡಿಸಲಿಲ್ಲ.’ ಬಹುವಚನ ಇದೆ, ಗೌರವ ಇದೆ, ‘ನನಗೆ’ಯೂ ಇದೆ. ಮನೆಗೆ ಬಂದವರು ಕೆನ್ನೆ ಹಿಂಡಿದಾಗ ಆರು ವರ್ಷದ ಮಗು ‘ನೀವು ಹಿಂಡೋದು ನನಗೆ ಇಷ್ಟ ಇಲ್ಲ’ ಅಂದರೆ ‘ಹಾಗೆಲ್ಲ ಹೇಳಬಾರದು ಪುಟ್ಟಿ’ ಎಂದು ನಾವು ತಿದ್ದುತ್ತೇವೆ. ವ್ಯಾಕರಣದ ಪ್ರಕಾರ ಆ ಮಗು ಆಡಿದ ವಾಕ್ಯದಲ್ಲಿ ತಿದ್ದುವಂಥದ್ದು ಏನೂ ಇಲ್ಲ.

ಚಹಾ ಬಂತು ಅಂತ ಕಾಣುತ್ತದೆ. ಅದಕ್ಕೆ ಮೊದಲು ಎರಡೇ ನಿಮಿಷ ಅಭ್ಯಾಸ. ಯಾರಾದರೂ ‘ನೋ ಮೆ ಗುಸ್ತಾ’ ಅಂದಾಗ ‘ನನಗೂ ಇಲ್ಲ’ ಅನ್ನಲು ‘ಆ ಮಿ ತಂಪೋಕೊ’ ಅನ್ನಬೇಕು. ಒಪ್ಪದಿದ್ದರೆ, ನನಗೆ ಇಷ್ಟವೇ ಅನ್ನಲು, ‘ಆ ಮಿ ಸಿ’. ಅವರು ‘ಓದಿಯೊ’ ಎಂದು ‘ನಾನು’ ಕರ್ತೃವಾಗಿ ಹೇಳಿದರೆ ಉತ್ತರವೂ ‘ಯೊ ತಂಬಿಯೆನ್’, ನಾನೂ. ನನಗೂ, ನಾನೂ, ಕನ್ನಡದ ಲೆಕ್ಕವೇ. ಸಂಕೋಚ ಬೇಡ, ಒಬ್ಬೊಬ್ಬರದ್ದು ಒಂದೊಂದು ಉತ್ತರ ಆದರೂ ಪರವಾಗಿಲ್ಲ. ನಾನು ಶುರು ಮಾಡುತ್ತೇನೆ.

ನೋ ಮೆ ಗುಸ್ತಾ ಎಲ್ ತ್ರಾಫಿಕೊ ದೆ ಪುಣೆ.

(ಸಭೆಯಿಂದ ಒಟ್ಟಿಗೆ: ಆ ಮಿ ತಂಪೋಕೊ!)

ನೋಡಿ, ಒಬ್ಬರೂ ‘ಮನೆಯವರನ್ನು ಕೇಳಿ ಹೇಳುತ್ತೇನೆ’ ಅನ್ನಲಿಲ್ಲ. ಈಗ ಎರಡನೆಯದು, ನಿಮ್ಮಲ್ಲೇ ಯಾರಾದರೂ ಹೇಳಿ. ಕಾಕು, ನೀವು ಹೇಳಿ. ನಿಮಗೆ ಏನು ಹಿಡಿಸಲ್ಲ?